ಹದಿನೇಳನೇ ನಂಬರಿನ ಪೆಟ್ಟಿಗೆಯೊಳಗೆ ಏನಿತ್ತು

ಹೆಸರು ಪಾಂಡುರಂಗ ಕಲ್ಲಪ್ಪ ಖೋತ, ವಯಸ್ಸು 71 ವರ್ಷ, ಉದ್ಯೋಗ ತಂಬೂರಿ ಮತ್ತು ಸಿತಾರುಗಳಿಗೆ ಜವಾರಿ ಮಾಡುವುದು ಅಂದರೆ ತಾರಿನ ಝೇಂಕಾರ ಹೊಂದಿಸುವುದು, ಎಂಟು ವರ್ಷಗಳಿಂದ ಕೆಲಸ ಬಿಟ್ಟಿದ್ದೇನೆ, ವಾಸ ಶನಿವಾರ ಪೇಠ, ಮಿರಜ, ಜಿಲ್ಲೆ ಸಾಂಗಲಿ. ಮೇಲ್ಕಂಡ ನಾನು ನನ್ನ ಕೈಬರಹದಲ್ಲಿ ಠಾಣೆಗೆ ತಿಳಿಸುವುದೇನೆಂದರೆ:

2025ನೇ ಫೆಬ್ರವರಿ 9, ರವಿವಾರ ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ಮಿರಜದ ನಾದವಾರಣಾ ಮಂಡಳವೆಂಬ ಸಂಗೀತ ಸಂಸ್ಥೆಯ ಸಭಾಗೃಹದಲ್ಲಿ, ವಾದ್ಯ ಸ್ಪರ್ಧೆಯ ನಡುವೆ, ಸುಮಾರು ಮುನ್ನೂರು ಜನರ ಎದುರು, ಮಂಡಳದ ಕಾರ್ಯದರ್ಶಿ ದಾದಾಸಾಹೇಬ ನಲವಡೆ ಅವರು ನನ್ನ ಮೊಮ್ಮಗಳು ಸಂಪದಾ ಮೊದಲೇ ಮುದ್ರಿಸಿಟ್ಟ ಧ್ವನಿಯನ್ನು ಕೇಳಿಸಿ ಪರೀಕ್ಷಕರಿಗೆ ಮೋಸ ಮಾಡಿದ್ದಾಳೆ ಎಂದು ಮೈಕಿನಲ್ಲಿ ಸಾರಿದರು. ಇದು ಸುಳ್ಳು. ಹದಿನೈದು ನಿಮಿಷದ ನಂತರ ಅವರೇ ಆಕೆಯ ಗಿಟಾರಿಗೆ ಜೋಡಿಸಿದ್ದ ಪೆಟ್ಟಿಗೆಯನ್ನು ಒಡೆದು ನೋಡಿದರು. ಒಳಗೆ ಮುದ್ರಿಸಿದ ಧ್ವನಿ ಇರಲಿಲ್ಲ. ಇಲ್ಲ ಎಂಬುದನ್ನು ಇವತ್ತಿನವರೆಗೂ ಯಾವ ಮೈಕಿನಲ್ಲಿಯೂ ಹೇಳಿಲ್ಲ.

ಠಾಣೆಯಲ್ಲಿ ನನ್ನ ಹೇಳಿಕೆಯನ್ನು ಮರಾಠಿಯಲ್ಲಿ ಬರೆದುಕೊಂಡಿದ್ದಾರೆ. ಅದು ಹದಿನಾಲ್ಕು ಸಾಲು ಇದೆ. ಹದಿನಾಲ್ಕು ಸಾಲಿನಲ್ಲಿ ಈ ಸಂಗತಿ ಹಿಡಿಯುವುದಿಲ್ಲ ಎಂದು ನಾನು ಹೇಳಿದಾಗ, ಜತ್ ಕಡೆಯವರಾಗಿದ್ದು ಕನ್ನಡ ಬಲ್ಲ ಹವಾಲ್ದಾರರು, ಕಾಕಾ, ನಿಮ್ಮ ಮಾತಿನ್ಯಾಗ ನಿಮಗ ಬೇಕಾದಷ್ಟ ಬರಕೊಂಡ ಬರ್ರಿ, ಜೋಡಿ ಹಚ್ಚತೇನಿ ಎಂದರು. ಅದರಂತೆ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಮಾತುಗಳಲ್ಲಿ ಕೆಲವು ಮರಾಠಿಯಲ್ಲಿ ಆಡಿದ್ದು. ಅವನ್ನು ಅರ್ಥ ಕೆಡದಂತೆ ಕನ್ನಡಕ್ಕೆ ತಂದಿದ್ದೇನೆ. ದಾದಾಸಾಹೇಬರ ತಾಯಿಯ ತವರು ಕಾಗವಾಡ. ನನ್ನೊಂದಿಗೆ ಅವರು ಮಾತಾಡಿದ್ದು ಕನ್ನಡದಲ್ಲೇ.

ಸಂಪದಾ ನನ್ನ ಮಗಳು ಛಾಯಾಳ ಮಗಳು, ವಯಸ್ಸು 22. ಕುಪವಾಡ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವ ಕೆಲಸ. ಕಾರ್ಖಾನೆಯ ಬಸ್ಸು ನಮ್ಮ ಓಣಿಯ ತಿರುವಿಗೆ ಬರುವುದರಿಂದ ಮೂರು ವರ್ಷಗಳಿಂದ ನನ್ನ ಮನೆಯಲ್ಲಿದ್ದಾಳೆ. ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆ. ಶನಿವಾರ ಸಂಜೆ ಸಾಂಗಲಿಯ ಒಂದು ಶಾಲೆಯಲ್ಲಿ ಹದಿನಾಲ್ಕು ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದಳು. ಕಲಿಸುತ್ತಿದ್ದಳು ಎಂದು ಬರೆದದ್ದಕ್ಕೆ ಕಾರಣ ಮುಂದೆ ಬರುತ್ತದೆ.

ವಿವಾದಕ್ಕೆ ಕಾರಣವಾದ ಪೆಟ್ಟಿಗೆಯ ವಿವರ: ಇದಕ್ಕೆ ಪೆಡಲ್ ಎನ್ನುತ್ತಾರೆ. ಉದ್ದ 7 ಇಂಚು, ಅಗಲ 5 ಇಂಚು, ತಗಡಿನದು, ನೀಲಿ ಬಣ್ಣ. ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಇರುವುದಿಲ್ಲ, ಅದರ ಸ್ವಂತ ಧ್ವನಿ ಮೂರು ಮಾರು ದೂರಕ್ಕೂ ಕೇಳುವುದಿಲ್ಲ. ಗಿಟಾರಿನಿಂದ ಒಂದು ವೈರು ಪೆಡಲಿಗೆ, ಪೆಡಲಿನಿಂದ ಇನ್ನೊಂದು ವೈರು ಸ್ಪೀಕರಿನ ಪೆಟ್ಟಿಗೆಗೆ ಹೋಗುತ್ತದೆ. ಪೆಡಲನ್ನು ನೆಲದ ಮೇಲಿಟ್ಟು ಕಾಲಿನಿಂದ ಒತ್ತುತ್ತಾರೆ. ಒತ್ತಿದರೆ ತಾರಿನ ಧ್ವನಿ ಹಿಗ್ಗುತ್ತದೆ, ಹಿಗ್ಗಿ ಹಿಗ್ಗಿ ಅಂಚಿನಲ್ಲಿ ಒಡೆಯುತ್ತದೆ. ಸ್ವಲ್ಪ ಒಡೆದರೆ ಓವರ್‌ಡ್ರೈವ್, ಪೂರಾ ಒಡೆದರೆ ಡಿಸ್ಟಾರ್ಶನ್. ಈ ಪೆಟ್ಟಿಗೆಯಲ್ಲಿ ಎರಡೂ ಇವೆ: ಎಡಗಡೆಯ ಒತ್ತುಗುಂಡಿ ಓವರ್‌ಡ್ರೈವಿನದು, ಬಲಗಡೆಯದು ಡಿಸ್ಟಾರ್ಶನ್ನಿನದು. ಎರಡಕ್ಕೂ ಮೂರು ಮೂರರಂತೆ ತಿರುಗಿಸುವ ಆರು ಗುಂಡಿಗಳು.

ಪೆಟ್ಟಿಗೆಯನ್ನು ಕೊಂಡದ್ದು 2024ನೇ ನವೆಂಬರ್ 24, ರವಿವಾರ, ಸಾಂಗಲಿಯ ಹಳೆ ವಾದ್ಯಗಳ ಒಂದು ಅಂಗಡಿಯಲ್ಲಿ. ಅಜ್ಜಾ, ಕಣ್ಣು ಮನೆಯಲ್ಲಿ ಬಿಟ್ಟರೂ ನಡೆಯುತ್ತದೆ, ಕಿವಿ ಮಾತ್ರ ತಗೊಂಡು ಬಾ ಎಂದು ಸಂಪದಾ ನನ್ನನ್ನು ಕರೆದುಕೊಂಡು ಹೋದಳು. ಆಕೆಗೆ ನಮ್ಮ ಮಾತು ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಆಕೆಯ ಗಿಟಾರನ್ನೂ ಸಣ್ಣ ಸ್ಪೀಕರನ್ನೂ ಹೊತ್ತು ಒಯ್ದಿದ್ದೆವು. ಅಂಗಡಿಯ ಗಿಟಾರಿನಲ್ಲಿ ಚಂದ ಕೇಳಿದ ಪೆಡಲು ನಿನ್ನ ಗಿಟಾರಿನಲ್ಲಿ ಚಂದ ಕೇಳುತ್ತದೆ ಎಂದು ಯಾರು ಹೇಳಿದರು ಎಂದು ನಾನೇ ಒತ್ತಾಯ ಮಾಡಿದ್ದೆ.

ಅಂಗಡಿಯವರು ಮೊದಲು ತಾವೇ ವೇಗವಾಗಿ, ಜೋರಾಗಿ ನುಡಿಸಿ ತೋರಿಸಿದರು. ನಾನು ರಾಗ ಬೇಡ, ಒಂದೇ ತಾರನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಬಿರುಸಾಗಿ ಮುಟ್ಟು ಎಂದು ಸಂಪದಾಳಿಗೆ ಹೇಳಿದೆ. ಅಂಗಡಿಯವರು ನಕ್ಕು, ಕಾಕಾ, ತಂಬೂರಿ ತೊಗೊಳ್ಳಾಕ ಬಂದವರಂಗ ಕುಂತೀರಲ್ಲ ಎಂದರು. ನನಗೆ ಬೇರೆ ರೀತಿ ಕುಳಿತುಕೊಳ್ಳಲು ಬರುವುದಿಲ್ಲ ಎಂದೆ.

ಮೊದಲ ಪೆಡಲು ಬರೇ ಡಿಸ್ಟಾರ್ಶನ್ನಿನದು. ಮೆಲ್ಲಗೆ ಮುಟ್ಟಿದರೂ ಅಷ್ಟೇ ಒದರುತ್ತಿತ್ತು, ಬಿರುಸಾಗಿ ಮುಟ್ಟಿದರೂ ಅಷ್ಟೇ. ಇದಕ್ಕ ನಿನ್ನ ಕೈ ಬೇಕಾಗಿಲ್ಲ, ಯಾರ ಕೈಯಾದರೂ ನಡೀತೈತಿ ಎಂದೆ. ಎರಡನೆಯದು ಬರೇ ಓವರ್‌ಡ್ರೈವಿನದು. ಮೆಲ್ಲಗೆ ಮುಟ್ಟಿದರೆ ತಿಳಿಯಾಗಿ, ಬಿರುಸಾಗಿ ಮುಟ್ಟಿದರೆ ಅಂಚು ಒಡೆದು ಬರುತ್ತಿತ್ತು. ಇದು ಕೈಯನ್ನು ಕೇಳುತ್ತದೆ. ನನಗೆ ಇದೇ ಸಾಕಾಗಿತ್ತು. ಸಂಪದಾ ಉದ್ದನೆಯ ಸ್ವರ ಇದರಲ್ಲಿ ಬೇಗ ಸಾಯುತ್ತದೆ, ತನಗೆ ಕೊನೆಯಲ್ಲಿ ಒಂದು ಸ್ವರ ನಿಲ್ಲಬೇಕು ಎಂದಳು. ಮೂರನೆಯದು ಈ ನೀಲಿ ಪೆಟ್ಟಿಗೆ. ಅರ್ಧ ತಾಸು ಕೇಳಿ ಇದನ್ನೇ ತಂದೆವು.

ಓದುವ ಅಧಿಕಾರಿಗಳಿಗೆ ಗೊತ್ತಿರಲಿ ಎಂದು ಒಂದು ಮಾತು. ತಂಬೂರಿಯ ತಾರು ಎಲುಬಿನ ಕುದುರೆಯ ಮೇಲೆ, ಅಂದರೆ ತಾರನ್ನು ಎತ್ತಿ ಹಿಡಿಯುವ ಸಣ್ಣ ಪಟ್ಟಿಯ ಮೇಲೆ ಕೂಡುತ್ತದೆ. ಕುದುರೆಯ ಬೆನ್ನನ್ನು ಅರದಿಂದ ಕೂದಲೆಳೆಯಷ್ಟು ಇಳಿಜಾರು ತಿಕ್ಕಿದರೆ, ನಡುಗುವ ತಾರು ಅದಕ್ಕೆ ಸವರಿಕೊಂಡು ಝೇಂಕರಿಸುತ್ತದೆ. ಈ ಕೆಲಸವೇ ಜವಾರಿ. ಝೇಂಕಾರ ತಾರಿನದಲ್ಲ, ಸವರಿಕೆಯದು. ಸಾಚಾ ಧ್ವನಿಗೆ ನಾವು ಬೇಕೆಂದೇ ಕೊಡುವ ಗರಗಸ ಅದು. ಐವತ್ತು ವರ್ಷ ನಾನು ಮಾಡಿದ್ದು ಇದನ್ನೇ. ಪೆಡಲು ಮಾಡುವುದೂ ಇದನ್ನೇ, ಎಲುಬಿನ ಬದಲು ವಿದ್ಯುತ್ತಿನಿಂದ. ಅದನ್ನು ಮಿರಜದವರಿಗೆ ವಿವರಿಸಬೇಕಾಗಿ ಬರುತ್ತದೆ ಎಂದು ನಾನು ತಿಳಿದಿರಲಿಲ್ಲ.

ಮಂಡಳದ ಸ್ಪರ್ಧೆಯ ಮುಕ್ತ ವಾದ್ಯ ವಿಭಾಗಕ್ಕೆ ಸಂಪದಾ ಜನವರಿ 6ರಂದು ಹೆಸರು ಕೊಟ್ಟಳು. ಅರ್ಜಿಯಲ್ಲಿ ವಾದ್ಯ ಎಲೆಕ್ಟ್ರಿಕ್ ಗಿಟಾರ್, ಜೊತೆಗೆ ಪೆಡಲ್ ಎಂದು ಬರೆದಿದ್ದಾಳೆ. ಅರ್ಜಿಗೆ ಮಂಡಳದ ಮೊಹರು ಬಿದ್ದಿದೆ. ನಕಲು ಲಗತ್ತಿಸಿದೆ.

ಮನೆಯಲ್ಲಿ ಅಭ್ಯಾಸ ಮಾಡುವ ಖೋಲಿ ಹತ್ತು ಅಡಿಗೆ ಹನ್ನೆರಡು ಅಡಿ. ಅಲ್ಲಿ ಡಿಸ್ಟಾರ್ಶನ್ನಿನ ಗುಂಡಿ ನಡುಮಟ್ಟಕ್ಕೆ ಇದ್ದರೆ ಸ್ವರ ತುಂಬಿ ಬರುತ್ತಿತ್ತು. ಸಭಾಗೃಹದಲ್ಲಿ ಹೇಗೆ ಕೇಳುತ್ತದೆ ನೋಡೋಣ ಎಂದು ಫೆಬ್ರವರಿ 8, ಶನಿವಾರ ಸಂಜೆ 4 ಗಂಟೆಗೆ, ಸಂಪದಾಳ ತರಗತಿಗೆ ಅಂದು ರಜೆ ಹೇಳಿ, ಅಪ್ಪಣೆ ಪಡೆದು ಹೋದೆವು. ಅಲ್ಲಿ ಧ್ವನಿವ್ಯವಸ್ಥೆಯ ಗುತ್ತಿಗೆ ಇರುವ ಮಯೂರ ಕಾಂಬಳೆ, ವಯಸ್ಸು ಸುಮಾರು 40, ಹಾಜರಿದ್ದರು. ಮನೆಯ ಮಟ್ಟಕ್ಕೇ ನುಡಿಸಿದಾಗ ಸ್ವರ ತಗಡು ಹರಿದಂತೆ ಬಂತು. ದೊಡ್ಡ ಜಾಗದಲ್ಲಿ ಸ್ಪೀಕರಿನ ದನಿ ಏರಿಸಬೇಕಾಗುತ್ತದೆ, ದನಿ ಏರಿದ ಮೇಲೆ ಒಡಕು ತಾನಾಗಿ ಹೆಚ್ಚುತ್ತದೆ. ನಾನು ಕಡೆಯ ಸಾಲಿನಲ್ಲಿ ಕುಳಿತು ಕೈಸನ್ನೆ ಮಾಡುತ್ತಾ ಹೋದೆ. ಡಿಸ್ಟಾರ್ಶನ್ನನ್ನು ಮೂರನೇ ಒಂದು ಪಾಲಿಗಿಂತ ಕೆಳಗೆ ಇಳಿಸಿ, ಕೀರಲು ತೆಗೆದು, ಒಂದರಿಂದ ಇನ್ನೊಂದಕ್ಕೆ ಕಾಲು ಬದಲಿಸಿದಾಗ ದನಿ ಜಿಗಿಯದಂತೆ ಎರಡೂ ಕಡೆಯ ಮಟ್ಟವನ್ನು ಸರಿಗೂಡಿಸಲು ಐವತ್ತು ನಿಮಿಷ ಹಿಡಿಯಿತು.

ಆಗ ಮಯೂರ ಅವರು, ಕಾಕಾ, ನಾಳೆ ಇಲ್ಲಿ ಇಪ್ಪತ್ತಾರು ಮಂದಿ ನುಡಸವರದಾರ, ಬಂದವರೆಲ್ಲಾ ಎಲ್ಲಾ ಗುಂಡಿ ಮುಟ್ಟತಾರ, ನನ್ನ ಮಷೀನಿನ ಗುಂಡೀನೂ ಬಿಡೂದಿಲ್ಲ ಎಂದು ಎಚ್ಚರಿಸಿದರು.

ನಾನು ಕೆಲಸ ಕಲಿತ ತಂಬೂರಿ ಕಾರ್ಖಾನೆಯಲ್ಲಿ ಒಂದು ರೂಢಿ ಇತ್ತು. ಜವಾರಿ ಮುಗಿದ ಮೇಲೆ ಕುದುರೆಯ ಪಾದಕ್ಕೆ ಒಂದು ಹನಿ ಕೆಂಪು ಅರಗು ಬಿಡುತ್ತಿದ್ದೆವು. ಈ ಕೈಯ ಕೆಲಸ ಮುಗಿಯಿತು, ನುಡಿಸುವವರು ಕೇಳುವ ತನಕ ಯಾರೂ ಅಲುಗಿಸಬಾರದು ಎಂದು ಅದರ ಅರ್ಥ. ಅರಗಿನ ತುಂಡು ಈಗಲೂ ನನ್ನ ಕಿಸೆಯ ಡಬ್ಬಿಯಲ್ಲಿರುತ್ತದೆ. ಕಡ್ಡಿ ಗೀರಿ ಕರಗಿಸಿ ಆರೂ ಗುಂಡಿಗಳ ಬುಡಕ್ಕೆ ಒಂದೊಂದು ಹನಿ ಬಿಟ್ಟೆ. ನಾಳೆ ಗುಂಡಿ ತಿರುಗಿಸಬೇಕಾದರೆ ಏನು ಮಾಡಲಿ ಎಂದು ಸಂಪದಾ ಕೇಳಿದಳು. ಮುಗಿದ ಜವಾರಿಯನ್ನು ಯಾರೂ ತಿರುಗಿಸುವುದಿಲ್ಲ ಎಂದು ನಾನು ಹೇಳಿದೆ. ಆಕೆ ಗಿಟಾರನ್ನು ಚೀಲಕ್ಕೆ ಹಾಕಿದಳು. ಮಯೂರ ಅವರು ಹತ್ತಿರ ನಿಂತು ಕಡ್ಡಿಪೆಟ್ಟಿಗೆ ಕೊಟ್ಟವರು.

ಅರಗು ಹಚ್ಚಿದ್ದು ನನ್ನ ತಪ್ಪು. ಪೆಡಲಿಗೆ ಆ ರೂಢಿ ಇಲ್ಲ. ಇದನ್ನು ಮುಚ್ಚಿಡುವ ಇಚ್ಛೆ ನನಗಿಲ್ಲ.

ಮರುದಿನ ಸ್ಪರ್ಧೆ ಬೆಳಿಗ್ಗೆ 9 ಗಂಟೆ 30 ನಿಮಿಷಕ್ಕೆ ಆರಂಭವಾಯಿತು. ಸಂಪದಾಳ ನಂಬರು 17. ಆಕೆ 11 ಗಂಟೆ 42 ನಿಮಿಷಕ್ಕೆ ವೇದಿಕೆ ಹತ್ತಿದಳು. ನಾನು ನಾಲ್ಕನೇ ಸಾಲಿನಲ್ಲಿದ್ದೆ. ಭೂಪ ರಾಗದಲ್ಲಿ ಎಂಟು ನಿಮಿಷ ನುಡಿಸಿದಳು. ಏಳು ನಿಮಿಷದವರೆಗೆ ಎಡಗಡೆಯ ಓವರ್‌ಡ್ರೈವ್ ಮಾತ್ರ. ಆಲಾಪದಲ್ಲಿ ಮೆಲ್ಲಗೆ ಮುಟ್ಟಿದ ಸ್ವರಗಳು ತಿಳಿಯಾಗಿ ಬಂದವು, ಏರುವಾಗ ಅಂಚು ಬಿಟ್ಟವು. ನನ್ನ ಮುಂದಿನ ಸಾಲಿನ ಒಬ್ಬ ಹೆಂಗಸು ಪಕ್ಕದವರಿಗೆ ಶಹನಾಯಿ ಇದ್ದಂತೆ ಇದೆ ಎಂದದ್ದು ಕೇಳಿದೆ.

ಕೊನೆಯ ಷಡ್ಜಕ್ಕೆ ಆಕೆ ಬಲಗಡೆಯ ಗುಂಡಿಯನ್ನು ಒತ್ತಿ, ತಾರನ್ನು ಒಮ್ಮೆ ಮೀಟಿ, ತಿರುಗಿ, ಸ್ಪೀಕರಿಗೆ ಎರಡು ಅಡಿ ಸಮೀಪ ಗಿಟಾರನ್ನು ಹಿಡಿದಳು. ಎಡಗೈ ತಾರನ್ನು ಒತ್ತಿಕೊಂಡೇ ಇತ್ತು. ಬಲಗೈಯನ್ನು ಮೇಲೆತ್ತಿದಳು. ಸ್ವರ ಹನ್ನೊಂದು ಸೆಕೆಂಡು ನಿಂತಿತು. ಮೀಟಿದ ತಾರು ಎಷ್ಟು ಹೊತ್ತು ಬಾಳುತ್ತದೆ ಎಂದು ಎಣಿಸುವುದು ನನ್ನ ಹಳೆಯ ಅಭ್ಯಾಸ, ಆದ್ದರಿಂದ ಲೆಕ್ಕ ಖಚಿತ. ಪೆಡಲು ಹಿಗ್ಗಿಸಿದ ಧ್ವನಿ ಸ್ಪೀಕರಿನಿಂದ ಹೊರಟು ಮತ್ತೆ ಅದೇ ತಾರನ್ನು ನಡುಗಿಸುತ್ತದೆ. ನಡುಗಿದ ತಾರು ಮತ್ತೆ ಸ್ಪೀಕರನ್ನು ನುಡಿಸುತ್ತದೆ. ಗಿಟಾರು ದೂರ ಸರಿದರೆ, ಎಡಗೈ ಸಡಿಲಿಸಿದರೆ ನಿಂತುಹೋಗುತ್ತದೆ. ಈ ಹನ್ನೊಂದು ಸೆಕೆಂಡಿಗಾಗಿ ಆಕೆ ಎರಡು ತಿಂಗಳು ಅಭ್ಯಾಸ ಮಾಡಿದ್ದಳು. ಅರ್ಧ ಅಡಿ ಹತ್ತಿರ ಹೋದರೆ ಸ್ಪೀಕರು ಕಿರುಚುತ್ತಿತ್ತು. ಓಣಿಯ ನಾಯಿಗಳಿಗೂ ಇದು ಗೊತ್ತು.

ಚಪ್ಪಾಳೆ ಬಂತು. ಅದರ ನಡುವೆ ಮೂರನೇ ಸಾಲಿನಿಂದ ಒಬ್ಬರು, ಕೈ ಮ್ಯಾಲೈತಿ, ನುಡಸವರು ಯಾರು ಎಂದು ಕೂಗಿದರು. ಕೆಲವರು ನಕ್ಕರು.

11 ಗಂಟೆ 52 ನಿಮಿಷಕ್ಕೆ ಪರೀಕ್ಷಕರಲ್ಲಿ ಒಬ್ಬರಾದ ಗಾಯಕಿ ಗಿರಿಜಾಬಾಯಿ ಕುರುಂದವಾಡಕರ ಅವರು ದಾದಾಸಾಹೇಬರನ್ನು ಕರೆದು ಏನೋ ಹೇಳಿದರು. ದಾದಾಸಾಹೇಬರು ವೇದಿಕೆ ಹತ್ತಿ, ಬಗ್ಗಿ, ಪೆಡಲಿನ ಗುಂಡಿ ತಿರುಗಿಸಲು ನೋಡಿದರು. ತಿರುಗಲಿಲ್ಲ. ಇನ್ನೊಂದನ್ನು ನೋಡಿದರು. ಅದೂ ತಿರುಗಲಿಲ್ಲ. ಇವು ತೋರಿಕೆಯ ಗುಂಡಿಗಳೇನು ಎಂದು ಸಂಪದಾಳನ್ನು ಕೇಳಿದರು. ಅಜ್ಜ ಅರಗು ಹಚ್ಚಿದ್ದಾರೆ ಎಂದು ಆಕೆ ಹೇಳಿದಳು. ನಾನು ಎದ್ದು ನಿಂತು, ಅದು ನಮ್ಮ ಕಾರ್ಖಾನೆಯ ರೂಢಿ, ಹೊಂದಿಸಿದ ಮಟ್ಟ ಕೆಡಬಾರದೆಂದು ಹಚ್ಚಿದೆ ಎಂದೆ.

ದಾದಾಸಾಹೇಬರು, ಪಾಂಡೂಕಾಕಾ, ತಂಬೂರಿಗಿ ಅರಗ ಹಚ್ಚೂದು ನಮಗೂ ಗೊತ್ತೈತಿ, ಕರೆಂಟಿನ ಪೆಟ್ಟಿಗಿಗಿ ಅರಗ ಹಚ್ಚಿದವರನ್ನ ಇವತ್ತ ನೋಡಿದೆ, ಮುಚ್ಚೂವಂಥಾದ್ದು ಇದ್ದರಽ ಮುಚ್ಚತಾರ ಎಂದರು. ಸಭೆ ನಕ್ಕಿತು.

ನಿನ್ನೆ ಸಂಜೆ ಹಚ್ಚಿದಾಗ ಮಯೂರ ಇದ್ದರು, ಕೇಳಿರಿ ಎಂದು ನಾನು ಹೇಳಿದೆ. ಮಯೂರ ಅವರು ನನ್ನಿಂದ ಇಪ್ಪತ್ತು ಅಡಿ ದೂರದಲ್ಲಿ ತಮ್ಮ ಮೇಜಿನ ಹಿಂದೆ ಒಂದು ವೈರನ್ನು ಮೊಳಕೈಗೆ ಸುತ್ತುತ್ತಿದ್ದರು. ಸುತ್ತುವುದನ್ನು ನಿಲ್ಲಿಸಲಿಲ್ಲ. ದಾದಾಸಾಹೇಬರು ಅವರನ್ನು ಕೇಳಲೂ ಇಲ್ಲ. ಹುಡುಗಿ ಮತ್ತೊಮ್ಮೆ ನುಡಿಸಲಿ, ನುಡಿಯುವಾಗ ನೀವೇ ತಾರಿನ ಮೇಲೆ ಬೆರಳಿಡಿ, ಧ್ವನಿ ನಿಲ್ಲುತ್ತದೋ ಇಲ್ಲವೋ ನೋಡಿರಿ ಎಂದು ನಾನು ಕೇಳಿಕೊಂಡೆ. ವೇಳೆ ಇಲ್ಲ, ಹದಿನೆಂಟನೇ ನಂಬರಿನವರು ಕಾಯುತ್ತಿದ್ದಾರೆ ಎಂದು ಉತ್ತರ ಬಂತು.

12 ಗಂಟೆ 10 ನಿಮಿಷಕ್ಕೆ ಮೇಲೆ ಹೇಳಿದ ಘೋಷಣೆ ಆಯಿತು. ಆಗ ಸಂಪದಾ ವೇದಿಕೆಯ ಎಡಗಡೆಯ ಮೆಟ್ಟಿಲಿನ ಮೇಲೆ ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದಳು. ಚೀಲದ ಝಿಪ್ಪು ಅರ್ಧಕ್ಕೆ ನಿಂತಿತು. ಬಾಗಿಲ ಹೊರಗಿನ ಫಲಕದಲ್ಲಿ 17ನೇ ನಂಬರಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ಫಸವಣೂಕ ಎಂದು ಸುಣ್ಣದ ಕಡ್ಡಿಯಿಂದ ಬರೆದರು. ಮರಾಠಿಯಲ್ಲಿ ಅದರ ಅರ್ಥ ಮೋಸ. ಫಲಕ ಸಂಜೆ 7ರವರೆಗೆ ಅಲ್ಲೇ ಇತ್ತು. ಅದರ ಫೋಟೋ ಎಷ್ಟು ಫೋನುಗಳಿಗೆ ಹೋಗಿದೆ ಎಂದು ನಾನು ಹೇಳಲಾರೆ. ನನ್ನ ಫೋನಿಗೇ ಮೂರು ಕಡೆಯಿಂದ ಬಂದಿದೆ.

ಅಂದು ಸಭಾಗೃಹದಲ್ಲಿ ಮುದ್ರಿಸಿದ ಧ್ವನಿ ಇರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಎಲ್ಲ ಸ್ಪರ್ಧಿಗಳ ಹಿಂದೆ ನುಡಿಯುತ್ತಿದ್ದ ತಂಬೂರಿಯ ಶ್ರುತಿ ಮಂಡಳದ ಒಂದು ಫೋನಿನಿಂದ ಬರುತ್ತಿತ್ತು. ಫೋನನ್ನು ಮೈಕಿನ ಮುಂದೆ ಒಂದು ಸ್ಟೀಲಿನ ಲೋಟಕ್ಕೆ ಆನಿಸಿ ಇಟ್ಟಿದ್ದರು. ತಂಬೂರಿ ಮಾಡುವವರ ಊರಿನಲ್ಲಿ, ತಂಬೂರಿ ಮಾಡುವವರ ಓಣಿಯಿಂದ ಆರುನೂರು ಹೆಜ್ಜೆಯ ಮೇಲೆ, ವೇದಿಕೆಯಲ್ಲಿ ಒಂದು ತಂಬೂರಿ ಇರಲಿಲ್ಲ. ಇದು ಅಪರಾಧ ಎಂದು ನಾನು ದೂರುತ್ತಿಲ್ಲ. ದಾಖಲಾಗಲಿ ಎಂದು ಬರೆದಿದ್ದೇನೆ.

12 ಗಂಟೆ 25 ನಿಮಿಷಕ್ಕೆ ಮಂಡಳದ ಕಚೇರಿಯಲ್ಲಿ ದಾದಾಸಾಹೇಬರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ನಾನು, ಸಂಪದಾ, ಗಿರಿಜಾಬಾಯಿಯವರು ಮತ್ತು ಮಯೂರ ಇದ್ದೆವು. ತಳದಲ್ಲಿ ನಾಲ್ಕು ಸ್ಕ್ರೂ ಇವೆ, ಬಿಚ್ಚಿ ಕೊಡುತ್ತೇನೆ ಎಂದು ಸಂಪದಾ ಹೇಳಿದಳು. ಅವರು ಕೇಳದೆ ಚಾಕುವಿನಿಂದ ಅರಗನ್ನು ಕೆತ್ತಿ, ಗುಂಡಿಗಳನ್ನು ಇಕ್ಕಳದಿಂದ ಎಳೆದರು. ಎರಡು ಗುಂಡಿಗಳ ಕಡ್ಡಿ ಮುರಿಯಿತು. ಆಮೇಲೆ ತಳ ಬಿಚ್ಚಿದರು. ಎಳೆದ ರಭಸಕ್ಕೆ ಎರಡು ವೈರುಗಳು ಹರಿದಿದ್ದವು. ಒಳಗೆ ಇದ್ದದ್ದು: ಒಂದು ಹಸಿರು ಹಲಗೆ, 9 ವೋಲ್ಟಿನ ಒಂದು ಬ್ಯಾಟರಿ, ಕೆಲವು ಬಿಡಿಭಾಗಗಳು, ಎಂಟೆಂಟು ಕಾಲಿನ ಎರಡು ಕರಿ ತುಣುಕುಗಳು.

ಹಾಡ ಇದರಾಗ ತುಂಬಿರತೀರೇನು ಎಂದು ದಾದಾಸಾಹೇಬರು ಕರಿ ತುಣುಕನ್ನು ತೋರಿಸಿ ಕೇಳಿದರು. ಅದು ಧ್ವನಿಯನ್ನು ಹಿಗ್ಗಿಸುವ ಭಾಗ, ಅದರಲ್ಲಿ ಏನೂ ತುಂಬಲು ಬರುವುದಿಲ್ಲ ಎಂದು ಸಂಪದಾ ಹೇಳಿದಳು. ಎಂಟ ಕಾಲ ಅದಾವು, ಖರೆ ಹೇಳೂಕಿಂತ ಮೊದಲ ಓಡಿ ಹೋಗತೈತಿ ನೋಡ್ರಿ ಎಂದು ಅವರು ನಕ್ಕರು. ಬೇರೆ ಯಾರೂ ನಗಲಿಲ್ಲ. ಅವರು ಮಯೂರ ಅವರ ಕಡೆ ನೋಡಿದರು. ಮಯೂರ ಅವರು ಪೆಟ್ಟಿಗೆಯನ್ನು ತಿರುವಿ ನೋಡಿ, ಇದರಾಗ ರೆಕಾರ್ಡಿಂಗದ್ದು ಏನೂ ಇಲ್ಲರಿ ಎಂದು ಮೆಲ್ಲಗೆ ಹೇಳಿದರು. ಆ ದಿನ ಅವರು ಆಡಿದ ಮಾತು ಅದೊಂದೇ.

ಹಾಗಾದರೆ ಹೊರಗೆ ಹೋಗಿ ಹೇಳಿರಿ, ಜನ ಇನ್ನೂ ಕೂತಿದ್ದಾರೆ ಎಂದು ನಾನು ಹೇಳಿದೆ. ದಾದಾಸಾಹೇಬರು, ಈಗ ಹೇಳಿದ್ದನ್ನ ಈಗಽ ತಿರುಗಿ ಹೆಂಗ ತೊಗೊಳ್ಳೂದು ಕಾಕಾ, ಮಂಡಳದ ಮಾನ ಐತಿ ಎಂದರು. ಹುಡುಗಿಯದು ಇಲ್ಲವೇ ಎಂದು ಕೇಳಿದೆ. ಚಹಾ ಹೇಳಲೇ ಎಂದು ಕೇಳಿದರು. ಸಂಪದಾ ತನ್ನ ಪೆಟ್ಟಿಗೆ ಕೇಳಿದಳು. ವಿಚಾರಣೆ ಮುಗಿಯುವ ತನಕ ಕಚೇರಿಯಲ್ಲಿರಲಿ ಎಂದು ಕಪಾಟಿನಲ್ಲಿಟ್ಟರು.

ಇದೇ ಸಭಾಗೃಹದಲ್ಲಿ 1984ರಲ್ಲಿ ನಡೆದದ್ದನ್ನು ಇಲ್ಲಿ ಬರೆಯಬೇಕು. ಕವಲಾಪುರದ ಭರಮಣ್ಣ ಎಂಬವರು ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಒಮ್ಮೆ ಮಂಡಳದ ವೇದಿಕೆಯ ಮೇಲೆ ಅವಕಾಶ ಸಿಕ್ಕಿತು. ಕ್ಲಾರಿನೆಟ್ಟಿನ ಬಾಯಿಗೆ ಒಂದು ಸಣ್ಣ ಮೈಕು ಕಟ್ಟಿಕೊಂಡು ಬಂದರು. ಆಗಿನ ಕಾರ್ಯದರ್ಶಿ ನಡುವೆಯೇ ನಿಲ್ಲಿಸಿ, ಇಲ್ಲಿ ಮನುಷ್ಯರು ನುಡಿಸಬೇಕು, ಯಂತ್ರವಲ್ಲ ಎಂದರು. ಭರಮಣ್ಣನವರು ಇಳಿದು ಹೋದರು. ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ, 2006ರಲ್ಲಿ ತೀರಿಕೊಂಡರು. ಅವರನ್ನು ಇಳಿಸಿದ ಐದಾರು ವರ್ಷದಲ್ಲೇ ಮಂಡಳದ ಪ್ರತಿಯೊಂದು ವಾದ್ಯಕ್ಕೂ ಮೈಕು ಬಂತು. ನಗರ ವಾಚನಾಲಯದಲ್ಲಿ ಮಂಡಳದ 1984ರ ವರದಿಯನ್ನು ನಾನು ತೆಗೆಸಿ ನೋಡಿದ್ದೇನೆ. ಕಾರ್ಯಕ್ರಮ ಉತ್ಸಾಹದಿಂದ ನೆರವೇರಿತು ಎಂದಿದೆ. ಅಂದು ನಾನು ಒಂಬತ್ತನೇ ಸಾಲಿನಲ್ಲಿದ್ದೆ, ವಯಸ್ಸು 30, ಎದ್ದು ನಿಲ್ಲಲಿಲ್ಲ. ಭರಮಣ್ಣನವರ ಸಂಗತಿ ಕಾಗದದ ಮೇಲೆ ಎಲ್ಲಿಯೂ ಇಲ್ಲದ್ದರಿಂದ ಸಂಪದಾಳ ಸಂಗತಿಯನ್ನು ಕಾಗದದ ಮೇಲೆ ತರುತ್ತಿದ್ದೇನೆ.

ಫೆಬ್ರವರಿ 10ರಂದು ಕಾರ್ಖಾನೆಯಲ್ಲಿ ಊಟದ ವೇಳೆ ಸಂಪದಾಳ ಗೆಳತಿ ಕಾಜಲ ಎಂಬಾಕೆ ಅಳತೆಯ ಯಂತ್ರದ ಮುಂದೆ ಎರಡೂ ಕೈ ಮೇಲೆತ್ತಿ, ನೋಡ್ರಿ, ತಪಾಸಣೆ ತಾನಾಗೇ ನಡದೈತಿ ಎಂದಳಂತೆ. ಎಲ್ಲರೂ ನಕ್ಕರು, ನಾನೂ ನಕ್ಕೆ ಎಂದು ಸಂಪದಾ ನನಗೆ ಹೇಳಿದಳು. ಅಂದಿನಿಂದ ಡಬ್ಬಿಯನ್ನು ಒಬ್ಬಳೇ ಯಂತ್ರದ ಪಕ್ಕದಲ್ಲಿ ಕುಳಿತು ಉಣ್ಣುತ್ತಾಳೆ.

ಫೆಬ್ರವರಿ 11ರಂದು ಸಾಂಗಲಿಯ ಶಾಲೆಯ ಮುಖ್ಯಾಧ್ಯಾಪಕಿಯವರು ಸಂಪದಾಳಿಗೆ ಫೋನು ಮಾಡಿ, ಮೂರು ಮಕ್ಕಳ ಪಾಲಕರು ಫೋಟೋ ತೋರಿಸಿದ್ದಾರೆ, ಸದ್ಯಕ್ಕೆ ಶನಿವಾರದ ತರಗತಿ ನಿಲ್ಲಲಿ ಎಂದರು. ಆರೋಪ ಸುಳ್ಳೆಂದು ಮಂಡಳದಿಂದ ಮಾರ್ಚ್ 10ರೊಳಗೆ ತಿಳಿದುಬಂದರೆ ತರಗತಿ ಸಂಪದಾಳದೇ, ಇಲ್ಲವಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಮುಖ್ಯಾಧ್ಯಾಪಕಿಯವರ ಮೇಲೆ ನನ್ನ ದೂರಿಲ್ಲ. ಗಿಟಾರು ಚೀಲದಲ್ಲೇ ಇದೆ, ಅಂದು ಅರ್ಧಕ್ಕೆ ನಿಂತ ಝಿಪ್ಪು ಹಾಗೆಯೇ ಇದೆ.

ಫೆಬ್ರವರಿ 12, ಬುಧವಾರ ಸಂಜೆ 5 ಗಂಟೆಗೆ ನಾನು ಗಿರಿಜಾಬಾಯಿಯವರ ಮನೆಗೆ ಹೋದೆ. ಅವರ ವಯಸ್ಸು 74. ಬರ್ರಿ, ಕುಂದ್ರಿ ಎಂದರು. ನಾನು ಜಗಳಕ್ಕೆ ಬಂದಿಲ್ಲ, ನಿಮ್ಮ ತಂಬೂರಿ ಒಮ್ಮೆ ಮೀಟಿ ಎಂದೆ. ಆ ತಂಬೂರಿಗೆ 1991ರಲ್ಲಿ ಜವಾರಿ ಮಾಡಿದವನು ನಾನು. ಅವರು ಜೋಡು ತಾರನ್ನು ಮೀಟಿದರು. ಕೈ ಮೇಲೆತ್ತಿರಿ ಎಂದೆ. ಎತ್ತಿದರು. ನಾನು ಎಣಿಸಿದೆ, ಅವರೂ ತುಟಿಯಲ್ಲಿ ಎಣಿಸುತ್ತಿದ್ದರು. ಒಂಬತ್ತು ಸೆಕೆಂಡು. ಕೈ ಮೇಲಿದ್ದಾಗ ನುಡಿಸಿದವರು ಯಾರು ಎಂದು ನಾನು ಕೇಳಲಿಲ್ಲ.

ಅವರು ತಂಬೂರಿಯನ್ನು ಗೋಡೆಗೆ ಆನಿಸಿ, ಕಣ್ಣಿಗೆ ಕಂಡದ್ದನ್ನು ಹೇಳಿದೆ, ಕಿವಿಯನ್ನು ಕೇಳಲಿಲ್ಲ ಎಂದರು. ಯಂತ್ರದ ವಿಷಯ ನನಗೆ ತಿಳಿಯದು ಎಂದು ದಾದಾಸಾಹೇಬರಿಗೆ ಅಂದೇ ಹೇಳಿದ್ದೆ ಎಂದರು. ಘೋಷಣೆಯ ಮಾತು ತಮ್ಮದಲ್ಲ, ತಾವು ಹೇಳಿದ್ದು ಪೆಟ್ಟಿಗೆಯನ್ನು ನೋಡಿರಿ ಎಂದು ಮಾತ್ರ ಎಂದರು. ತಮ್ಮ ಅಂಕಪಟ್ಟಿ ತೋರಿಸಿದರು. 17ನೇ ನಂಬರಿಗೆ ಐವತ್ತಕ್ಕೆ ನಲವತ್ತೊಂದು ಎಂದು ಬರೆದು ಮೇಲೆ ಗೀಟು ಹಾಕಿತ್ತು. ಗೀಟಿನ ಶಾಯಿ ಬೇರೆ ಬಣ್ಣದ್ದು. ಯಾರಾದರೂ ಕೇಳಿದರೆ ಇದಿಷ್ಟನ್ನೂ ಹೇಳುತ್ತೇನೆ ಎಂದರು. ಇವತ್ತಿನವರೆಗೆ ಯಾರೂ ಕೇಳಿಲ್ಲ.

ಫೆಬ್ರವರಿ 13 ಮತ್ತು 19ರಂದು ಮಂಡಳಕ್ಕೆ ಎರಡು ಪತ್ರ ಬರೆದು ಕೈಯಾರೆ ಕೊಟ್ಟೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದನ್ನು ಕೊಟ್ಟಾಗ ದಾದಾಸಾಹೇಬರು, ಕಾಕಾ, ನಿಮಗ ವಯಸ್ಸಾತು, ಇಷ್ಟ ನೆನಪ ಇಟಗೊಂಡರ ತಲಿ ತಡ್ಯೂದಿಲ್ಲ, ಮುಂದಿನ ವರ್ಷ ಹುಡಿಗೀಗೆ ಫುಕಟ್ ಪ್ರವೇಶ ಕೊಡತೇವಿ ಎಂದರು.

ಇದರ ನಡುವೆ ಫೆಬ್ರವರಿ 16, ರವಿವಾರ ಬೆಳಿಗ್ಗೆ 8 ಗಂಟೆಗೆ ಮಯೂರ ಅವರು ಪೆಟ್ಟಿಗೆಯನ್ನು ಮಂಡಳದ ಕಚೇರಿಯಿಂದ ಕೇಳಿ ಪಡೆದು, ಒಂದು ಹಳೆಯ ಟವೆಲಿನಲ್ಲಿ ಸುತ್ತಿ ನಮ್ಮ ಮನೆಗೆ ತಂದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕುಳಿತರು. ಹರಿದ ವೈರುಗಳನ್ನು ನಾನೇ ಬೆಸೆದಿದ್ದೇನೆ, ಮುರಿದ ಗುಂಡಿಗಳು ಸಿಗಲಿಲ್ಲ ಎಂದರು. ಅಂದು ಯಾಕೆ ಸುಮ್ಮನಿದ್ದಿರಿ ಎಂದು ನಾನು ಕೇಳಿದೆ. ಕಾಕಾ, ಮಂಡಳದ ಹನ್ನೊಂದ ಕಾರ್ಯಕ್ರಮ ನನ್ನ ಕಡೆ ಅದಾವ, ಮನ್ಯಾಗ ನಾಕ ಮಂದಿ ಅದೇವಿ ಎಂದರು. ಆಮೇಲೆ, ಕಡ್ಡಿಪೆಟ್ಟಿಗಿ ಕೊಟ್ಟಾಂವ ನಾನಽ ಅಲ್ಲರಿ, ಪೊಲೀಸರು ಕರದು ಕೇಳಿದರ ಇಲ್ಲ ಅನ್ನೂದಿಲ್ಲ, ನಾ ಆಗಿ ಬರೂದು ಆಗೂದಿಲ್ಲ ಎಂದರು. ಸಂಪದಾ ಒಳಗಿನಿಂದ ಚಹಾ ತಂದು ಕೊಟ್ಟಳು. ಅವರು ಆಕೆಯ ಕಡೆ ನೋಡದೆ ಕುಡಿದು ಹೋದರು. ಆದ್ದರಿಂದ ಅವರನ್ನು ಕರೆದು ಕೇಳಬೇಕೆಂದು ಠಾಣೆಯನ್ನು ಕೋರುತ್ತೇನೆ.

ಪೆಟ್ಟಿಗೆ ಒಡೆದದ್ದನ್ನು ದಾಖಲಿಸಿಕೊಳ್ಳಬಹುದು, ಮೈಕಿನಲ್ಲಿ ಆಡಿದ ಮಾತಿಗೆ ಠಾಣೆ ಏನೂ ಮಾಡಲಾಗದು, ಅದಕ್ಕೆ ಕೋರ್ಟು ಇದೆ ಎಂದು ಹವಾಲ್ದಾರರು ತಿಳಿಸಿದ್ದಾರೆ. ಮಾರ್ಚ್ 10 ಕೋರ್ಟಿನ ತಾರೀಖುಗಳಿಗಾಗಿ ಕಾಯುವುದಿಲ್ಲ. ಪೆಟ್ಟಿಗೆಯ ಬಗ್ಗೆ ನನಗೆ ಪರಿಹಾರ ಬೇಡ. ಗುಂಡಿ ಇಲ್ಲದಿದ್ದರೂ ಅದು ನುಡಿಯುತ್ತದೆ. ನಾನು ಪರೀಕ್ಷಿಸಿದ್ದೇನೆ.

ಇಲ್ಲಿ ಬರೆದದ್ದೆಲ್ಲ ನಾನು ಕಂಡದ್ದು, ನನ್ನ ಕಿವಿಯಿಂದ ಕೇಳಿದ್ದು, ನನ್ನ ಕೈಯಿಂದ ಮಾಡಿದ್ದು. ಕಾರ್ಖಾನೆಯ ಸಂಗತಿ ಮತ್ತು ಶಾಲೆಯ ಫೋನಿನ ಮಾತು ಮಾತ್ರ ಸಂಪದಾ ಹೇಳಿದ್ದು. ಒಂದು ಅಕ್ಷರವೂ ಹೆಚ್ಚಿಲ್ಲವೆಂದು ತಿರುಗಿ ಓದಿ ನೋಡಿದ್ದೇನೆ, ಯಾರ ಎದುರಿಗಾದರೂ ಇದೇ ಮಾತನ್ನು ಹೇಳಲು ಸಿದ್ಧನಿದ್ದೇನೆ.

ಮಾರ್ಚ್ 2, ರವಿವಾರ ಬೆಳಿಗ್ಗೆ 10 ಗಂಟೆಗೆ ಅದೇ ಸಭಾಗೃಹದಲ್ಲಿ ಮಂಡಳದ ವಾರ್ಷಿಕ ಸಭೆ ಇದೆ. ಸಾರ್ವಜನಿಕರಿಗೆ ಪ್ರವೇಶವಿದೆ ಎಂದು ಫಲಕ ಹಾಕಿದ್ದಾರೆ. ಈ ಹೇಳಿಕೆಯ ಒಂದು ಪ್ರತಿಯನ್ನು ಮಂಡಳಕ್ಕೂ ಇನ್ನೊಂದನ್ನು ವಾಚನಾಲಯದ ಫಲಕಕ್ಕೂ ಕೊಡುತ್ತಿದ್ದೇನೆ. ನಾನು ಮೊದಲ ಸಾಲಿನಲ್ಲಿ ಇರುತ್ತೇನೆ. ಫೆಬ್ರವರಿ 9ರಂದು ಮಧ್ಯಾಹ್ನ 12 ಗಂಟೆ 25 ನಿಮಿಷಕ್ಕೆ ತಾವು ಒಡೆದ ಪೆಟ್ಟಿಗೆಯೊಳಗೆ ಮುದ್ರಿಸಿದ ಧ್ವನಿ ಸಿಕ್ಕಿತೋ ಇಲ್ಲವೋ ಎಂಬುದನ್ನು ದಾದಾಸಾಹೇಬ ನಲವಡೆ ಅವರು ಹೇಳಬೇಕು. ನನಗೆ ಪತ್ರ ಬರೆಯುವುದು ಬೇಡ, ಕಚೇರಿಗೆ ಕರೆಯುವುದು ಬೇಡ. ಅದೇ ವೇದಿಕೆಯ ಮೇಲೆ ನಿಂತು, ಅದೇ ಮೈಕಿನಲ್ಲಿ, ಸಂಪದಾಳ ಹೆಸರು ಹೇಳಿ ಉತ್ತರ ಕೊಡಬೇಕು.

ಸ್ಥಳ: ಮಿರಜ
ದಿನಾಂಕ: 24 ಫೆಬ್ರವರಿ 2025, ಸೋಮವಾರ, ಬೆಳಿಗ್ಗೆ 11 ಗಂಟೆ 40 ನಿಮಿಷ
ಸಹಿ: ಪಾಂಡುರಂಗ ಕಲ್ಲಪ್ಪ ಖೋತ